ಕಿಟಕಿಗೆ ತೆರೆ ಬೇಕೆ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ ಸಂಚರಿಸುವಾಗ ನಮಗೆ ಈ ಪ್ರಶ್ನೆ ಹುಟ್ಟಿತು. ಹಳೆಯ ತೊಟ್ಟಿಮನೆಗೆ ತೆರೆಯ ಗೊಡವೆಯೇ ಇಲ್ಲ. ಬೀದಿಯ ಗೋಡೆಯಲ್ಲಿ ಕಿಟಕಿಗಳು ಚಿಕ್ಕವು. ಬೆಳಕು ತೊಟ್ಟಿಯ ಬಾಯಿಂದ ಇಳಿಯುವುದು. ಒಳಗೆ ಅಕ್ಕಿ ಆರಿಸುವ ಹೆಂಗಸರು ದಾರಿಹೋಕರ ಕಣ್ಣಿಗೆ ಬೀಳರು. ಆದರೆ ಅಡಿಗೆಮನೆಯಲ್ಲಿ ನಡುಹಗಲಲ್ಲೂ ಮಬ್ಬು. ಆ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡವರೂ ಅದೇ ಹೆಂಗಸರಲ್ಲವೆ?

ಹೊಸ ಮನೆಗಳ ಅಗಲವಾದ ಗಾಜಿನ ಕಿಟಕಿಯಲ್ಲಿ ಬೆಳಕು ಧಾರಾಳ, ಮರೆಯಿಲ್ಲ. ಆದಕಾರಣ ದಪ್ಪ ತೆರೆಯೆಳೆದು, ಹಗಲಿನಲ್ಲಿ ದೀಪ ಹಾಕಿ, ಪುಕ್ಕಟೆ ಬಿಸಿಲನ್ನು ಹೊರಗಿಟ್ಟು ಹಣ ತೆತ್ತು ಬೆಳಕು ಕೊಳ್ಳುವರು! ಇದು ನಮಗೆ ಒಪ್ಪದು.

ಸುಮಾರು 900 ಮೀಟರು ಎತ್ತರದ ಈ ಬಯಲಿನಲ್ಲಿ ಧನುರ್ಮಾಸದ ಚಳಿ ಹಗುರವಲ್ಲ. ರಾತ್ರಿ ದಪ್ಪ ಬಟ್ಟೆ ಗಾಜಿಗೂ ಕೋಣೆಗೂ ನಡುವೆ ಗಾಳಿಯನ್ನು ತಡೆದು ಬೆಚ್ಚಗಿಡುವುದು ದಿಟ. ಅಂಚುಗಳು ಗೋಡೆಗೆ ತಾಗಿರಬೇಕು, ಬೆಳಗಾದೊಡನೆ ಸರಿಸಬೇಕು. ರೇಷ್ಮೆ ಸಾಕುವವರನ್ನು ನೋಡಿರಿ: ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗೆ ಒದ್ದೆ ಗೋಣಿತಾಟು ಇಳಿಬಿಟ್ಟು ತಂಪು ಮಾಡುವರು, ಹವೆ ತಿರುಗಿದರೆ ತೆಗೆಯುವರು. ಹುಳುವಿಗೆ ಸಲ್ಲುವ ಈ ವಿವೇಚನೆ ಮಕ್ಕಳಿಗೆ ಸಲ್ಲದೆ?

ಹಗಲಿಗೆ ಬೀದಿಯ ಕಿಟಕಿಯ ಕೆಳಗಿನ ಅರ್ಧಕ್ಕೆ ತೆಳುವಾದ ನೂಲಿನ ಬಟ್ಟೆ ಸಾಕು. ಮೇಲಿನ ಅರ್ಧ ತೆರೆದಿರಲಿ; ಹಿತ್ತಿಲ ಕಡೆಗೆ ಅದೂ ಬೇಡ.