ತಂದೆಯವರ ಮೋಟಾರು

ಪಂಥಕ್ಕೂ ಮೋಟಾರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಸಂಬಂಧವಿದ್ದಿತು. ನಮ್ಮ ತಂದೆಯವರು ಅಂಬಾಸಿಡರ್ ಪಂಥದವರು. ೧೯೮೩ರ ಡಿಸೆಂಬರಿನಲ್ಲಿ ಜಪಾನಿನ ಸುಜುಕಿಯವರ ಸಹಯೋಗದಿಂದ ಮಾರುತಿ ೮೦೦ ಹೊರಬಂದ ಮೇಲೆ ನೆರೆಹೊರೆಯವರು ಒಬ್ಬೊಬ್ಬರಾಗಿ ಅತ್ತ ವಾಲಿದರು. ಇವರು ಮಾತ್ರ ಕದಲಲಿಲ್ಲ. “ಸ್ವದೇಶದ್ದನ್ನು ಬಿಟ್ಟು ಪರದೇಶದ್ದಕ್ಕೆ ಕೈಚಾಚುವುದೆ?” ಎನ್ನುವರು.

೨೦೦೦ದಲ್ಲಿ ಟೊಯೊಟಾದವರ ಕ್ವಾಲಿಸ್ ಬಂದಿತು. ಮರುವರ್ಷ ನಾನೊಂದನ್ನು ಕೊಂಡು ತಂದೆನು. ತಂದೆಯವರು ಅದನ್ನು ಹತ್ತಲೊಲ್ಲರು. ನಾನು ವಾದ ಹೂಡಿದೆನು: “ಅಪ್ಪ, ನಿಮ್ಮ ಅಂಬಾಸಿಡರಿನ ಮೈಕಟ್ಟು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನದು. ಅದನ್ನು ಕಟ್ಟುವುದು ಬಂಗಾಳದ ಉತ್ತರಪಾರಾದಲ್ಲಿ. ಇದನ್ನು ಕಟ್ಟುವುದು ನಮ್ಮ ಜಿಲ್ಲೆಯ ಬಿಡದಿಯಲ್ಲಿ. ಯಾವುದು ಸ್ವದೇಶಿ?” ಬಿಡದಿಯು ಆಗ ನಮ್ಮ ಜಿಲ್ಲೆಗೇ ಸೇರಿದ್ದಿತು, ರಾಮನಗರವು ಬೇರೆ ಜಿಲ್ಲೆಯಾದುದು ೨೦೦೭ರಲ್ಲಿ.

ಅವರು ಬಹಳ ಹೊತ್ತು ಸುಮ್ಮನಿದ್ದು, “ಅದೆಲ್ಲ ಸರಿ ಕಣಪ್ಪ. ಆ ಗಾಡಿಯ ಹಿಂದಿನ ಸೀಟಿನಲ್ಲಿ ನಿಮ್ಮಮ್ಮ ಕೂತಿರುತ್ತಿದ್ದಳು” ಎಂದರು.

ತಾಯಿಯವರು ತೀರಿಕೊಂಡು ಆಗ ಮೂರು ವರ್ಷವಾಗಿದ್ದಿತು. ವಾದದಲ್ಲಿ ಗೆದ್ದ ನಾನು ತಲೆತಗ್ಗಿಸಿದೆನು. ಜನರು ಕಂಪೆನಿಯ ಹೆಸರಿಗೆ ಅಂಟಿಕೊಂಡಿರುವರೆಂದು ನಗುತ್ತೇವೆ. ಆ ಅಂಟು ಎಲ್ಲಿಯದೆಂದು ವಿಚಾರಿಸುವುದಿಲ್ಲ.

ಮರುದಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೊರಟಾಗ ತಂದೆಯವರು ತಾವಾಗಿಯೇ ಬಂದು ಕ್ವಾಲಿಸನ್ನು ಹತ್ತಿ, ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕದ ಜಾಗವನ್ನು ಬಿಟ್ಟು ಕುಳಿತರು. ೨೦೧೪ರಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಿತೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನ್ನ ಕಣ್ಣಿಗೆ ಕಟ್ಟಿದುದು ಆ ಖಾಲಿ ಜಾಗ.