ಕರಗಿದ ಚಿನ್ನ, ಉಳಿದ ಚಿತ್ರ

ಏಪ್ರಿಲ್ ತಿಂಗಳು ಬಂತೆಂದರೆ ಪುತ್ತೂರಿನ ಕಳೆಯೇ ಬೇರೆ. ಮಹಾಲಿಂಗೇಶ್ವರನ ಜಾತ್ರೆಗೆ ದೇವರಮಾರು ಗದ್ದೆಯ ತುಂಬ ಜನ. 17ರ ರಾತ್ರಿ ದೇವರು ಬ್ರಹ್ಮರಥವನ್ನೇರುವಾಗ, ದೀಪಗಳ ಬೆಳಕಿನಲ್ಲಿ ನೆರೆದ ಹೆಂಗಳೆಯರ ಕೊರಳೆಲ್ಲ ಮಿನುಗುತ್ತದೆ.

ಅಡಕೆಯ ಈ ನಾಡಿಗೂ ಚಿನ್ನಕ್ಕೂ ಹಳೆಯ ನಂಟು. ಒಡವೆಯ ತೂಕವನ್ನು ಇಲ್ಲಿಯವರು ಕೇಳುವುದು ಪವನಿನ ಲೆಕ್ಕದಲ್ಲಿ. ಒಂದು ಪವನೆಂದರೆ 8 ಗ್ರಾಂ. 1944ರಲ್ಲಿ ಪುತ್ತೂರಿನಲ್ಲಿ ಬಾಗಿಲು ತೆರೆದ ಮುಳಿಯ ಮನೆತನದ ಮಳಿಗೆ ಇಂದಿಗೂ ನಡೆದುಬಂದಿದೆ. ಮದುವೆ ನಿಶ್ಚಯವಾದೊಡನೆ ಆಚಾರಿಗೆ ಹೇಳಿಕಳುಹಿಸಿ ಅವಲಕ್ಕಿ ಸರ, ಚಕ್ರಸರ, ಬೆಂಡೋಲೆ, ಜಡೆಬಿಲ್ಲೆಗಳನ್ನು ಮಾಡಿಸುವ ರೂಢಿ ಅದಕ್ಕಿಂತಲೂ ಹಿಂದಿನದು. ಆದರೆ ಮೊಮ್ಮಗಳ ಮದುವೆ ಬಂದಾಗ ಅಜ್ಜಿಯ ಸರ ಮೂಸೆಗೆ ಬೀಳುತ್ತದೆ. ಚಿನ್ನವೇನೋ ಉಳಿಯುತ್ತದೆ, ಹೋಗುವುದು ಕುಸುರಿ.

ಇದು ಬಡವರ ಮನೆಯ ಕಥೆ ಮಾತ್ರವಲ್ಲ. 2025ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಪ್ಯಾರಿಸಿನ ಕಾರ್ಟಿಯೇ ಮನೆತನದ 350ಕ್ಕೂ ಹೆಚ್ಚು ವಸ್ತುಗಳ ಪ್ರದರ್ಶನ ನಡೆಯಿತು. ಒಡವೆಗಳೊಡನೆ ಅವುಗಳ ನಕ್ಷೆಗಳೂ ಅಲ್ಲಿ ಗೌರವದ ಸ್ಥಾನ ಪಡೆದಿದ್ದವು. ಅದೇ ಮನೆತನ 1928ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರಿಗೆ 2,930 ವಜ್ರಗಳ ಕಂಠಹಾರವೊಂದನ್ನು ಮಾಡಿಕೊಟ್ಟಿತ್ತು. ಹಾರ ಮುಂದೆ ಕಾಣೆಯಾಯಿತು. 1998ರಲ್ಲಿ ಅದರ ಭಾಗಗಳು ಲಂಡನ್ನಿನಲ್ಲಿ ಸಿಕ್ಕಿದಾಗ ದೊಡ್ಡ ಹರಳುಗಳು ಇರಲಿಲ್ಲ. ಬದಲಿ ಹರಳುಗಳನ್ನು ಕೂಡಿಸಿ ಅದನ್ನು ಮತ್ತೆ ಕಟ್ಟಬೇಕಾಯಿತು. ಮೂಲ ಹಾರದ ವೈಭವಕ್ಕೆ ಇಂದು ಸಾಕ್ಷಿ ಹೇಳುವುದು ಅದನ್ನು ತೊಟ್ಟ ಅರಸರ ಭಾವಚಿತ್ರ.

ಅರಸರಿಗೊಂದು ನ್ಯಾಯ, ರೈತರಿಗೊಂದು ನ್ಯಾಯವೆಂಬುದು ಇಲ್ಲಿಲ್ಲ. ಪುತ್ತೂರಿನಿಂದ ಮಡಿಕೇರಿಯ ಹಾದಿ ಹಿಡಿದರೆ ಸುಳ್ಯ ಸಿಗುತ್ತದೆ. ಅದರಾಚೆಯ ಅರಂತೋಡು, ಸಂಪಾಜೆಗಳ ಅಡಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡಿದೆ. ಫಸಲು ಕೈಕೊಟ್ಟ ವರ್ಷ ಪೆಟ್ಟಿಗೆಯಿಂದ ಮೊದಲು ಹೊರಡುವುದು ಒಡವೆಯೇ, ಅಡವಿಗೋ ಮಾರಾಟಕ್ಕೋ. ಚಾವಡಿಯ ಗೋಡೆಯ ಮೇಲಿನ ಮಾಸಿದ ಫೋಟೋದಲ್ಲಿ ಮಾತ್ರ ಅಜ್ಜಿ ಆ ಸರವನ್ನು ತೊಟ್ಟೇ ನಿಂತಿರುತ್ತಾಳೆ.

ಈ ಎರಡು ತಾಲೂಕುಗಳ ಗ್ರಾಮಗಳಿಂದ ರೂಪುಗೊಂಡದ್ದು ಕಡಬ. ಇತ್ತ ಮೂಸೆಗೆ ಅಂಜದ ಒಡವೆಗಳೂ ಉಂಟು. ಕುಕ್ಕೆ ಸುಬ್ರಹ್ಮಣ್ಯದ ಗರ್ಭಗುಡಿಯೆದುರಿನ ಗರುಡಗಂಬದ ಬೆಳ್ಳಿಯ ಕವಚ ಭಕ್ತರ ಕಣ್ಣೆದುರೇ ಇದೆ. ದೈವಗಳ ಗಗ್ಗರ, ಮೊಗಗಳು ಭಂಡಾರದಲ್ಲಿದ್ದು ನೇಮದ ರಾತ್ರಿ ಹೊರಬರುತ್ತವೆ. ಊರಿನ ಸೊತ್ತಾದುದರಿಂದ ಅವುಗಳನ್ನು ಯಾರ ಮನೆಯ ಮದುವೆಗೂ ಕರಗಿಸುವಂತಿಲ್ಲ. ಮನೆಯ ಒಡವೆಗೆ ಆ ರಕ್ಷಣೆಯಿಲ್ಲ.

ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಬಾಳಿದ ಮನೆಯನ್ನು ಕಾಪಾಡಿಕೊಳ್ಳಲಾಗಿದೆ. ಮೂಕಿಚಿತ್ರಗಳ ಕಾಲದಲ್ಲೇ ಚಲನಚಿತ್ರ ತಯಾರಿಸಲು ಹೊರಟ ಸಾಹಸಿ ಅವರು. ಲೇಖಕನ ಮನೆ ಉಳಿಯಬಹುದಾದರೆ ಮನೆಮನೆಯ ಫೋಟೋಗಳೂ ಉಳಿಯಬಹುದು. ಅವುಗಳ ಶತ್ರುಗಳು ಮಳೆಗಾಲದ ತೇವ, ಗೆದ್ದಲು, ಮರೆವು. ಮೊದಲೆರಡಕ್ಕೆ ಉಪಾಯವುಂಟು. ಮೂರನೆಯದಕ್ಕೆ ಒಂದೇ ಮದ್ದು: ಸರದ ಹೆಸರು ಬಲ್ಲ ಹಿರಿಯರು ಇರುವಾಗಲೇ ಕೇಳಿ, ಚಿತ್ರದ ಬೆನ್ನಿಗೆ ಬರೆದಿಡುವುದು. ಅದಕ್ಕೆ ಒಂದು ಗುಂಜಿ ಚಿನ್ನವೂ ಬೇಡ, ಒಂದು ಪೆನ್ಸಿಲ್ ಸಾಕು.