ಮಜ್ಜಿಗೆಯ ನಾಡಿನಲ್ಲಿ ಹಾಲು ಬಿಟ್ಟವರು

ಪ್ರವಾಸಕ್ಕೆ ಹೊರಡುವವರು ಸಂಗಡ ಒಯ್ಯಬೇಕಾದ ಸಾಮಾನುಗಳನ್ನು ಎಣಿಸುವುದು ವಾಡಿಕೆ. ನಾವು ದಂಪತಿಗಳಿಬ್ಬರು ಕಳೆದ ಕಾರ್ತಿಕದ ಕೊನೆಯಲ್ಲಿ ಕೂಡ್ಲಿಗಿಯ ಸೀಮೆಗೆ ಹೊರಟಾಗ ಎಣಿಸಿದುದು ಬಿಟ್ಟ ವಸ್ತುಗಳನ್ನು. ಎರಡು ವರ್ಷಗಳ ಹಿಂದೆ ಮೊಟ್ಟೆಯನ್ನು ಬಿಟ್ಟಿದ್ದೆವು. ಆಮೇಲೆ ಚಹದೊಳಗಿನ ಹಾಲನ್ನು, ಬೆಣ್ಣೆ ತುಪ್ಪಗಳನ್ನು, ಪೇಡೆ ಬರ್ಫಿಗಳನ್ನು, ಕಟ್ಟಕಡೆಗೆ ಗಟ್ಟಿ ಮೊಸರನ್ನು ಬಿಟ್ಟಿದ್ದೆವು. ಉಳಿದುದು ಮಜ್ಜಿಗೆಯೊಂದೇ. ಊಟದ ಕೊನೆಯ ಆ ಒಂದು ಲೋಟವನ್ನು ಬಿಡುವ ಧೈರ್ಯ ಮಾತ್ರ ನಮಗೆ ಬಂದಿರಲಿಲ್ಲ.

ಹುಟ್ಟಿನಿಂದ ಶಾಕಾಹಾರಿಗಳಾದ ನಮಗೆ ಈ ಹಂಬಲವೇಕೆಂದು ವಾಚಕರು ಕೇಳಬಹುದು. ಎಮ್ಮೆಯು ಹಾಲು ಕೊಡುವುದು ನಮಗೋಸ್ಕರವಲ್ಲ, ಕರು ಹುಟ್ಟಿತೆಂಬುದಕ್ಕಾಗಿ. ಹುಟ್ಟಿದುದು ಹೆಣ್ಣಾದರೆ ಅದಕ್ಕೆ ಬಾಳುಂಟು. ಗಂಡಾದರೆ ಅದನ್ನು ಸಾಕುವವರು ವಿರಳ. ಟ್ರ್ಯಾಕ್ಟರು ಬಂದ ಮೇಲೆ ಅದಕ್ಕೆ ಕೆಲಸವೂ ಉಳಿಯಲಿಲ್ಲ. ಮೊಟ್ಟೆಯ ಕತೆಯೂ ಇದೇ. ಮೊಟ್ಟೆಗಾಗಿ ಕೋಳಿ ಮರಿಮಾಡಿಸುವ ದೊಡ್ಡ ಕಾರಖಾನೆಗಳಲ್ಲಿ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವ ಪದ್ಧತಿ ಲೋಕದ ಬಹುಭಾಗದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೊಲ್ಲದೆ ತಿನ್ನುವೆವೆಂದು ನಾವು ಹೇಳಿಕೊಳ್ಳುತ್ತಿದ್ದ ಮಾತು ಅರ್ಧ ಸತ್ಯವೆಂಬುದು ತಿಳಿದಂದಿನಿಂದ ಮನಸ್ಸಿಗೆ ಸಮಾಧಾನವಿರಲಿಲ್ಲ.

ಆದರೆ ಈ ಪ್ರವಾಸದ ಕೊನೆಯ ನಿಲುಗಡೆ ನಮ್ಮ ದೊಡ್ಡವ್ವನ ಮನೆ. ಹಗರಿಬೊಮ್ಮನಹಳ್ಳಿಗೆ ಸಮೀಪದ ಒಂದು ಹಳ್ಳಿಯಲ್ಲಿ ಆಕೆ ಎರಡು ಎಮ್ಮೆಗಳನ್ನು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ, ಆ ಹಣದಿಂದಲೇ ನಮ್ಮಲ್ಲೊಬ್ಬರನ್ನು ಪಟ್ಟಣದಲ್ಲಿಟ್ಟು ಓದಿಸಿದವಳು. ಅವಳ ಮುಂದೆ ಕುಳಿತು, "ನಿನ್ನ ಹಾಲು ನಮಗೆ ಬೇಡ" ಎನ್ನುವುದು ಹೇಗೆ? ಈ ಪ್ರಶ್ನೆಯೊಂದು ದಾರಿಯುದ್ದಕ್ಕೂ ನಮ್ಮ ಸಂಗಡ ಬಂದಿತು.

ಮೊದಲು ಇಳಿದುದು ಕೂಡ್ಲಿಗಿಯಲ್ಲಿ. ಊರಿನ ಸುತ್ತ ಬಂಡೆಗುಡ್ಡಗಳು, ಕುರುಚಲು ಕಾಡು. ಗುಡೇಕೋಟೆಯ ಕಡೆಗೆ ಕರಡಿಗಳ ಅಭಯಾರಣ್ಯವೂ ಉಂಟು. ಆದರೆ ನಾವು ನೋಡಬೇಕೆಂದಿದ್ದುದು ಮಹಾತ್ಮ ಗಾಂಧಿಯವರ ಚಿತಾಭಸ್ಮವನ್ನು ಇರಿಸಿರುವ ಹುತಾತ್ಮರ ಸ್ಮಾರಕವನ್ನು. ಈ ಸಣ್ಣ ಊರಿನಲ್ಲಿ ಅಂಥ ವಸ್ತುವಿದೆಯೆಂಬುದನ್ನು ಹೊರಗಿನವರು ಅಷ್ಟಾಗಿ ಅರಿಯರು. ಅಲ್ಲಿ ಕುಳಿತಾಗ ನಮಗೆ ನೆನಪಾದುದು ಅವರ ಹಾಲಿನ ವ್ರತ.

ಗಾಂಧೀಜಿ ೧೯೧೨ರಲ್ಲಿ ದಕ್ಷಿಣ ಆಫ್ರಿಕೆಯ ಟಾಲ್‌ಸ್ಟಾಯ್ ಫಾರಮಿನಲ್ಲಿದ್ದಾಗ ಗೆಳೆಯ ಕಾಲೆನ್‌ಬಾಖ್ ಅವರೊಡನೆ ಹಾಲನ್ನು ಬಿಟ್ಟರು. ಕಲ್ಕತ್ತೆಯಲ್ಲಿ ಹಸುಗಳಿಂದ ಹೆಚ್ಚು ಹಾಲು ಹಿಂಡಲು ನಡೆಸುತ್ತಿದ್ದ ಕ್ರೂರ ಉಪಾಯಗಳ ವಿವರವನ್ನು ಓದಿದುದು ಅದಕ್ಕೊಂದು ಕಾರಣ. ೧೯೧೮ರಲ್ಲಿ ಖೇಡಾ ಜಿಲ್ಲೆಯಲ್ಲಿ ತಿರುಗುತ್ತಿದ್ದಾಗ ಅವರಿಗೆ ಆಮಶಂಕೆ ಹಿಡಿದು, ದೇಹ ಎಲುಬಿನ ಗೂಡಾಯಿತು. ವೈದ್ಯರು ಹಾಲಿಲ್ಲದೆ ಚೇತರಿಕೆಯಿಲ್ಲವೆಂದರು. ಅವರು ಒಪ್ಪಲಿಲ್ಲ. ಆಗ ಕಸ್ತೂರಿಬಾ, ನೀವು ಬಿಟ್ಟುದು ಹಸು ಎಮ್ಮೆಗಳ ಹಾಲನ್ನಷ್ಟೆ, ಆಡಿನ ಹಾಲಿಗೆ ಅಡ್ಡಿಯೇನು ಎಂದರಂತೆ. ಬದುಕುವ ಆಸೆಯಿಂದ ಅವರು ಆಡಿನ ಹಾಲನ್ನು ಕುಡಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಅಳಿಯಿತು ಎಂಬ ಅಳುಕನ್ನು ತಮ್ಮ ಆತ್ಮಕಥೆಯಲ್ಲಿ ಅವರೇ ತೋಡಿಕೊಂಡಿದ್ದಾರೆ. ತಮ್ಮನ್ನು ನೋಡಿ ಹಾಲು ಬಿಟ್ಟವರು ಅದರಿಂದ ಹಿತವಾಗದಿದ್ದರೆ, ಅನುಭವವುಳ್ಳ ವೈದ್ಯರ ಸಲಹೆಯೂ ಇಲ್ಲದಿದ್ದರೆ, ಹಟ ಹಿಡಿಯಬಾರದೆಂದೂ ಅಲ್ಲಿ ಎಚ್ಚರಿಸಿದ್ದಾರೆ.

ಇದನ್ನು ನೆನೆಯಲು ನಮಗೆ ಸ್ವಂತದ ಕಾರಣವೂ ಇತ್ತು. ಹಾಲು ಮೊಟ್ಟೆಗಳನ್ನು ಬಹುಮಟ್ಟಿಗೆ ಬಿಟ್ಟ ವರ್ಷದ ಕೊನೆಗೆ ನಮ್ಮಲ್ಲೊಬ್ಬರಿಗೆ ಅಂಗಾಲು ಜುಮ್ಮೆನ್ನಲು ತೊಡಗಿ, ಆಯಾಸ ಹೆಚ್ಚಿತು. ರಕ್ತ ಪರೀಕ್ಷೆಯಲ್ಲಿ ಬಿ-೧೨ ಎಂಬ ಜೀವಸತ್ತ್ವದ ಕೊರತೆ ಕಂಡುಬಂದಿತು. ದಿನಕ್ಕೆ ಬೇಕಾದುದು ಎರಡು ಮೈಕ್ರೋಗ್ರಾಮಿಗಿಂತ ತುಸು ಹೆಚ್ಚು, ಸಾಸಿವೆಯ ಕಾಳಿಗಿಂತಲೂ ಎಷ್ಟೋ ಪಾಲು ಕಡಮೆ. ಆದರೂ ಕಾಳು, ಕಾಯಿ, ಸೊಪ್ಪುಗಳನ್ನು ನೆಚ್ಚಿಕೊಂಡರೆ ಅದು ದೊರೆಯದು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಗುಳಿಗೆಯನ್ನು ತೆಗೆದುಕೊಂಡ ಮೇಲೆ ಎಲ್ಲವೂ ಸರಿಹೋಯಿತು. ವಿಜ್ಞಾನಿಗಳು ಬಿ-೧೨ ಸತ್ತ್ವವನ್ನು ಬೇರ್ಪಡಿಸಿ ಕಂಡುದು ೧೯೪೮ರಲ್ಲಿ, ಗಾಂಧೀಜಿ ಹತರಾದ ಅದೇ ವರ್ಷದಲ್ಲಿ. ಹಾಲಿಗೆ ಬದಲಾದ ಸಸ್ಯವಸ್ತುವನ್ನು ಹುಡುಕುತ್ತ ಬಾಳಿದ ಆ ಹಿರಿಯರಿಗೆ ಈ ಸಂಗತಿ ತಿಳಿಯಲೇ ಇಲ್ಲವಲ್ಲವೆ ಎಂದು ಮನಸ್ಸು ಮರುಗಿತು. ಇಷ್ಟನ್ನು ತಿಳಿದ ನಾವು ಆ ಒಂದು ಲೋಟಕ್ಕೆ ಏಕೆ ಅಂಟಿಕೊಂಡಿರಬೇಕು? ಸ್ಮಾರಕದಿಂದ ಎದ್ದು ಬರುವಾಗ ಮಜ್ಜಿಗೆಯನ್ನೂ ಬಿಡುವೆವೆಂದು ನಿಶ್ಚಯಿಸಿದೆವು. ವ್ರತವೆಂದು ಮಾತ್ರ ಅದನ್ನು ಕರೆಯಲಿಲ್ಲ.

ಕೂಡ್ಲಿಗಿಯಿಂದ ಪಶ್ಚಿಮಕ್ಕೆ ಹೊರಟರೆ ಕೊಟ್ಟೂರು. ಕೊಟ್ಟೂರೇಶ್ವರನ ತೇರಿಗೆ ಮಾಘದಲ್ಲಿ ದೂರದೂರದಿಂದ ಜನರು ಕಾಲ್ನಡಿಗೆಯಲ್ಲಿ ಬರುವರು. ನಾವು ಹೋದಾಗ ಜಾತ್ರೆಯಿಲ್ಲ. ಬೀದಿಯಲ್ಲಿ ಮಂಡಕ್ಕಿಯ ಮೂಟೆಗಳು, ಶೇಂಗಾದ ಗಾಡಿಗಳು. ನಮ್ಮ ಹೊಸ ನಿಶ್ಚಯಕ್ಕೆ ಇಷ್ಟು ಅನುಕೂಲವಾದ ಊರು ಮತ್ತೊಂದಿಲ್ಲ. ಒಗ್ಗರಣೆ ಹಾಕಿದ ಮಂಡಕ್ಕಿಗೆ ಪುಟಾಣಿಯ ಹಿಟ್ಟು ಉದುರಿಸಿ, ಕಡಲೆಹಿಟ್ಟಿನಲ್ಲಿ ಕರಿದ ಬಿಸಿ ಮಿರ್ಚಿಯನ್ನು ಪಕ್ಕದಲ್ಲಿಟ್ಟರೆ ಅದರಲ್ಲಿ ಹಾಲಿಲ್ಲ, ತುಪ್ಪವಿಲ್ಲ, ಮೊಟ್ಟೆಯಿಲ್ಲ. ಇಲ್ಲವೆಂಬುದು ತಿನ್ನುವವನಿಗೆ ತೋರುವುದೂ ಇಲ್ಲ. ಸಮೀಪದ ಉಜ್ಜಿನಿಗೂ ಹೋಗಿಬಂದೆವು. ಅಲ್ಲಿ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ಭಕ್ತರು ಎಣ್ಣೆಯ ಅಭಿಷೇಕ ಮಾಡುವರು. ಎಣ್ಣೆಕಾಳು ಬೆಳೆಯುವ ನಾಡಿನ ದೇವರಿಗೆ ಎಣ್ಣೆಯೇ ಪ್ರೀತಿಯೆಂದುಕೊಂಡೆವು.

ಹರಪನಹಳ್ಳಿಯಲ್ಲಿ ನಮ್ಮ ನಿಶ್ಚಯ ಮುರಿಯಿತು. ಈ ತಾಲೂಕು ೧೯೯೭ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಬಂದು, ೨೦೨೧ರಲ್ಲಿ ಉಳಿದ ಐದು ತಾಲೂಕುಗಳೊಡನೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಎಷ್ಟು ಸಲ ಬದಲಾದರೂ ತಟ್ಟೆ ಬದಲಾಗಿಲ್ಲ. ಬಾಗಳಿಯ ಕಲ್ಲೇಶ್ವರನ ಗುಡಿಯಲ್ಲಿ ಚಾಲುಕ್ಯರ ಕಾಲದ ಕಂಬಗಳ ಸೊಬಗನ್ನು ನೋಡಿ ಹಸಿದು ಬಂದು ಖಾನಾವಳಿಯೊಂದರಲ್ಲಿ ಕುಳಿತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ. ಅನ್ನ ಮುಗಿಯುವಷ್ಟರಲ್ಲಿ ಮನೆಯೊಡತಿ ಕೇಳದೆಯೇ ಲೋಟ ತುಂಬ ಮಜ್ಜಿಗೆ ಸುರಿದು, "ಬಿಸಿಲಾಗ ಬಂದೀರಿ, ಕುಡೀರಿ" ಎಂದಳು. ನಾವು ಒಬ್ಬರ ಮುಖವನ್ನೊಬ್ಬರು ನೋಡಿ ಕುಡಿದುಬಿಟ್ಟೆವು. ಸೌಜನ್ಯಕ್ಕಾಗಿ ಕುಡಿದೆವೆಂದು ಹೇಳಿಕೊಳ್ಳಬಹುದಿತ್ತು. ನಿಜವಾಗಿ ಕುಡಿದುದು ಆಸೆಯಿಂದ. ಆಡಿನ ಹಾಲಿನ ಕತೆಯ ಅಳುಕು ಎಂಥದೆಂಬುದು ಆಗ ನಮಗೂ ಸ್ವಲ್ಪ ತಿಳಿಯಿತು.

ಅದೇ ಊರಿನಲ್ಲಿ ಶಾಲೆಯ ಮಕ್ಕಳು ಮಧ್ಯಾಹ್ನದ ಊಟದಲ್ಲಿ ಮೊಟ್ಟೆ ತಿನ್ನುವುದನ್ನು ಕಂಡೆವು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆಯನ್ನೂ, ಬೇಡವೆಂದವರಿಗೆ ಬಾಳೆಹಣ್ಣನ್ನೂ ಕೊಡುವ ಏರ್ಪಾಡು ಬಂದಿದೆ. ಒಬ್ಬ ಹುಡುಗಿ ಮೊಟ್ಟೆಯ ಬಿಳಿಯ ಭಾಗವನ್ನು ಮೊದಲು ತಿಂದು, ಹಳದಿಯನ್ನು ಅಂಗೈಯಲ್ಲಿ ಬಹು ಹೊತ್ತು ಕಾಪಾಡಿಕೊಂಡಳು. ಮೂರು ಹೊತ್ತೂ ಆಯ್ದು ತಿನ್ನಬಲ್ಲ ನಾವು ಬಿಡುವುದು ನಮ್ಮ ಆತ್ಮದ ವ್ಯವಹಾರ. ಆಯ್ಕೆಯೇ ಇಲ್ಲದ ಕೂಸಿನ ಕೈಯಿಂದ ಬಿಡಿಸುವುದು ಧರ್ಮವಲ್ಲ. ಈ ಎರಡನ್ನು ಬೆರಸಬಾರದೆಂದು ಅಲ್ಲಿಂದ ಮುಂದೆ ಎಲ್ಲಿಯೂ ಉಪದೇಶ ಮಾಡಲಿಲ್ಲ.

ಹೂವಿನಹಡಗಲಿಗೆ ಬಂದಾಗ ಮಲ್ಲಿಗೆಯ ಸುಗ್ಗಿಯಲ್ಲ. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಆ ಹೂವಿನ ಒಂದೆರಡು ಮಾಲೆಗಳಷ್ಟೇ ಪೇಟೆಯಲ್ಲಿದ್ದುವು. ತುಂಗಭದ್ರೆಯ ದಡದ ಮೈಲಾರಕ್ಕೆ ಹೋದೆವು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುವ ಬಯಲು ಈಗ ಬರಿದಾಗಿತ್ತು. ಒಬ್ಬ ಮುದುಕ ಕುರಿ ಮೇಯಿಸುತ್ತಿದ್ದ. ಹಾಲು ಕರೆಯುವಿರಾ ಎಂದು ಕೇಳಿದೆವು. "ಮರಿ ಕುಡಿದು ಉಳಿದರ ನಮಗ, ಉಳೀಲಿಲ್ಲಂದರ ಇಲ್ಲ" ಎಂದು ಹೇಳಿ ಅವನು ಕುರಿಗಳ ಹಿಂದೆ ನಡೆದ. ೧೯೪೪ರಲ್ಲಿ ಇಂಗ್ಲೆಂಡಿನ ಕೆಲವರು ಹಾಲು ಮೊಟ್ಟೆಗಳನ್ನೂ ತೊರೆದವರಿಗೆ ‘ವೀಗನ್’ ಎಂಬ ಹೆಸರನ್ನು ಕಟ್ಟಿ ಸಂಘ ಮಾಡಿದರು. ಮುದುಕನಿಗೆ ಆ ಹೆಸರು ಗೊತ್ತಿಲ್ಲ. ಆದರೆ ಮೊದಲ ಪಾಲು ಯಾರದೆಂಬುದು ಅವನಿಗೆ ಗೊತ್ತಿತ್ತು.

ಸಂಜೆಗೆ ದೊಡ್ಡವ್ವನ ಮನೆ ಮುಟ್ಟಿದೆವು. ಮಾಲವಿ ಜಲಾಶಯದ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ಅಂಗಳದಲ್ಲಿ ಶೇಂಗಾದ ರಾಶಿ. ಕೊಟ್ಟಿಗೆಯಲ್ಲಿ ಈದು ಒಂದು ತಿಂಗಳಾದ ಎಮ್ಮೆ, ಅದರ ಪಕ್ಕದಲ್ಲಿ ಬಡಕಲು ಕೋಣಗರು. ಕೈಕಾಲು ತೊಳೆಯುವಷ್ಟರಲ್ಲಿ ಕೆನೆಮೊಸರಿನ ಗಡಿಗೆ ತಟ್ಟೆಯ ಬಳಿಗೆ ಬಂದಿತು. ಹೇಳಲೇಬೇಕಾಯಿತು, ಹೇಳಿದೆವು.

ದೊಡ್ಡವ್ವ ಗಡಿಗೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನನ್ನ ಕೈಯಾಗಿಂದು ಏನರ ಹೊಲಸಾತೇನವ್ವಾ?" ಎಂದಳು. ಅಲ್ಲವೆಂದು ಕಾರಣಗಳನ್ನು ತಿಳಿಸಿದೆವು. "ನೀವು ಬಿಟ್ಟಿರಿ, ಎಲ್ಲಾರೂ ಬಿಟ್ಟರ ಈ ಎಮ್ಮಿ ಎಲ್ಲಿಗೆ ಹೋಗಬೇಕು? ನಾ ಎಲ್ಲಿಗೆ ಹೋಗಬೇಕು?" ಎಂದು ಕೇಳಿದಳು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಲ ಕೊಡದ ಹಣವನ್ನು ಎಮ್ಮೆ ಕೊಟ್ಟಿತ್ತು. ಆ ಹಣದಿಂದ ಕಲಿತ ಅಕ್ಷರಗಳಿಂದಲೇ ನಾವು ಈ ವಿಚಾರಗಳನ್ನು ಓದಿದವರು. ನಮ್ಮಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆವು. ಅಂದು ರೊಟ್ಟಿಯನ್ನು ಶೇಂಗಾ ಚಟ್ನಿಯೊಡನೆ ತಿಂದು, ನೀರು ಕುಡಿದು ಎದ್ದೆವು.

ರಾತ್ರಿ ದೀಪವಾರಿಸಿದ ಮೇಲೆ ಅವಳು ತಾನಾಗಿ ಒಂದು ಮಾತು ಹೇಳಿದಳು. ಹಿಂದೆ ಒಂದು ಎಮ್ಮೆಯ ಕರು ಸತ್ತಾಗ ಅದರ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿ ಹಾಲು ಕರೆದಿದ್ದಳಂತೆ. ಎಮ್ಮೆ ಅದನ್ನು ನೆಕ್ಕುತ್ತಿತ್ತಂತೆ. "ಆವತ್ತು ನನಗೂ ಗಂಟಲಾಗ ಇಳೀಲಿಲ್ಲ. ಆದರ ನಿನ್ನ ಫೀಜು ಕಟ್ಟೋದಿತ್ತು" ಎಂದು ಮಗ್ಗುಲಾದಳು.

ಮರುದಿನ ನಾವು ಕಲಿತಿದ್ದ ಒಂದು ಪಾಕವನ್ನು ಅವಳ ಒಲೆಯ ಮೇಲೆಯೇ ಮಾಡಿ ತೋರಿಸಿದೆವು. ಗೃಹಿಣಿಯರಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತೇವೆ. ಒಂದು ಬಟ್ಟಲು ಹಸಿ ಶೇಂಗಾ ಕಾಳನ್ನು ಎಂಟು ಗಂಟೆ ನೆನೆಯಿಟ್ಟು, ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ, ನಾಲ್ಕು ಬಟ್ಟಲು ನೀರು ಬೆರಸಿ ಬಟ್ಟೆಯಲ್ಲಿ ಹಿಂಡಬೇಕು. ಆ ಹಾಲನ್ನು ತಳ ಹಿಡಿಯದಂತೆ ಕೈಯಾಡಿಸುತ್ತ ಕುದಿಸಿ, ಉಗುರುಬೆಚ್ಚಗಾದ ಮೇಲೆ ನಾಲ್ಕೈದು ಹಸಿಮೆಣಸಿನಕಾಯಿಗಳನ್ನು ತೊಟ್ಟುಸಹಿತ ಹಾಕಿ ಮುಚ್ಚಿಟ್ಟರೆ ಒಂದು ರಾತ್ರಿಯಲ್ಲಿ ಹೆಪ್ಪಾಗುವುದು. ಮುಂದೆ ಅದನ್ನೇ ಹೆಪ್ಪಿಗೆ ಬಳಸಬಹುದು. ನೀರು, ಉಪ್ಪು, ಶುಂಠಿ, ಕರಿಬೇವು ಕೂಡಿದರೆ ಮಜ್ಜಿಗೆ. ಶೇಂಗಾದಿಂದ ಹಾಲು ಮಾಡುವ ಯೋಚನೆ ಹೊಸದಲ್ಲ. ಮೈಸೂರಿನ ಆಹಾರ ಸಂಶೋಧನಾಲಯದವರು ಹಿಂದೆ ಎಮ್ಮೆಯ ಹಾಲಿಗೆ ಶೇಂಗಾದ ಸಸಾರಜನಕ ಬೆರಸಿ ಮಿಲ್ಟೋನ್ ಎಂಬ ಪಾನೀಯವನ್ನು ಸಿದ್ಧಪಡಿಸಿದ್ದರು. ಸುಣ್ಣದ ಸತ್ತ್ವಕ್ಕೆ ರಾಗಿಯಿದೆ: ನೂರು ಗ್ರಾಮು ಹಸುವಿನ ಹಾಲಿನಲ್ಲಿ ಅದು ಸುಮಾರು ೧೨೦ ಮಿಲಿಗ್ರಾಮಿದ್ದರೆ, ಅಷ್ಟೇ ತೂಕದ ರಾಗಿಯಲ್ಲಿ ಸುಮಾರು ೩೫೦. ಎಲ್ಲವೂ ಮೈಗೆ ಹತ್ತದಿದ್ದರೂ ಎಳ್ಳು, ಸೊಪ್ಪುಗಳು ಜೊತೆಗಿದ್ದರೆ ಚಿಂತೆಯಿಲ್ಲ. ಬಿ-೧೨ ಗುಳಿಗೆಯನ್ನು ಮಾತ್ರ ಮರೆಯಬಾರದು; ಮಕ್ಕಳಿಗೂ ಬಸುರಿಯರಿಗೂ ವೈದ್ಯರನ್ನು ಕೇಳದೆ ಈ ಪ್ರಯೋಗ ಸಲ್ಲದು.

ದೊಡ್ಡವ್ವ ಆ ಮಜ್ಜಿಗೆಯನ್ನು ಒಂದು ಗುಟುಕು ಕುಡಿದು, "ಮಜ್ಜಿಗಿ ಅಲ್ಲ ಇದು. ಆದರ ಕೆಟ್ಟಿಲ್ಲ" ಎಂದು ತೀರ್ಪಿತ್ತಳು.

ಹೊರಡುವ ದಿನ ಬೆಳಗಿನ ಜಾವ ಕೊಟ್ಟಿಗೆಯಲ್ಲಿ ದೀಪ ಕಂಡು ಹೋದೆವು. ಹಾಲು ಕರೆಯುವುದು ಮುಗಿದಿತ್ತು. ಡೇರಿಯ ಕ್ಯಾನು ಹೊಸಿಲಲ್ಲಿತ್ತು. ಆದರೆ ಕೋಣಗರುವನ್ನು ಎಂದಿನಂತೆ ಎಳೆದು ಕಟ್ಟಿರಲಿಲ್ಲ. ಅದು ತಾಯಿಯ ಕೆಚ್ಚಲಿಗೆ ಹಣೆ ಗುದ್ದಿ ಗುದ್ದಿ ಕುಡಿಯುತ್ತಿತ್ತು, ಬಾಯಿಯ ಕೊನೆಯಲ್ಲಿ ನೊರೆ. ದೊಡ್ಡವ್ವ ನಮ್ಮ ಕಡೆ ನೋಡದೆ, "ಒಂದು ಮೊಲಿ ಬಿಟ್ಟೀನಿ. ನಿಮ್ಮ ಪಾಲಿಂದು ಅದು; ಅದಕ್ಕ ಹೋಗಲಿ" ಎಂದಳು.

ನಾವು ಬಸ್ಸು ಹತ್ತುವಾಗ ಅವಳು ಕೈಗಿತ್ತ ಗಂಟಿನಲ್ಲಿ ಈ ಸಲ ತುಪ್ಪದ ಡಬ್ಬಿಯಿರಲಿಲ್ಲ. ಎರಡು ಸೇರು ಶೇಂಗಾ ಇತ್ತು.